ನೀರಿನ ಟ್ಯಾಂಕಿನ ಮೇಲೆ ಅಮ್ಮ

ನನ್ನ ಅಮ್ಮನಿಗೆ ಎರಡು ವರ್ಷ ದಪ್ಪ ಮೀಸೆ ಇತ್ತು. ಹೀಗೆ ಹೇಳಿದರೆ ಜನ ಈಗಲೂ ನಗುತ್ತಾರೆ, ನನಗೆ ಈಗಲೂ ರೇಗುತ್ತದೆ.

ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಬಿಟ್ಟಂಗಾಲದ ಹತ್ತಿರ ಒಂದು ಮಕ್ಕಳ ಮನೆಗೆ ಸೇರಿಸಿದ್ದರು. ಆಗ ನನಗೆ ಏಳು ವರ್ಷ. ಅಮ್ಮ ಹುದಿಕೇರಿಯ ಆಚೆ ಒಂದು ಎಸ್ಟೇಟಿನ ಲೈನಿನಲ್ಲಿ, ಎಂದರೆ ಆಳುಗಳ ಸಾಲುಮನೆಯಲ್ಲಿ, ಇದ್ದಳು. ಪ್ರತಿ ಭಾನುವಾರ ತಿಂಡಿಯಾದ ಮೇಲೆ ನಾವೆಲ್ಲ ಆಫೀಸಿನ ಮುಂದೆ ಸಾಲಾಗಿ ನಿಲ್ಲಬೇಕು. ಒಬ್ಬೊಬ್ಬರಿಗೆ ಐದು ನಿಮಿಷ ಫೋನು, ಅದೂ ಸ್ಪೀಕರ್ ಹಾಕಿ. ಅಮ್ಮನ ಕಡೆ ನೆಟ್‌ವರ್ಕ್ ಸಿಗುತ್ತಿದ್ದುದು ಕಾಫಿ ಒಣಗಿಸುವ ಕಣದ ಹಿಂದಿನ ನೀರಿನ ಟ್ಯಾಂಕಿನ ಮೇಲೆ ಮಾತ್ರ. ಅಮ್ಮನಿಗೋ ಸ್ಟೂಲು ಹತ್ತಿದರೂ ತಲೆ ತಿರುಗುತ್ತದೆ. ಹಾಗಾಗಿ ಆಳುಗಳ ಹಾಜರಿ ಬರೆಯುವ, ದಪ್ಪ ಮೀಸೆಯ ಎಸ್ಟೇಟ್ ರೈಟರು ಟ್ಯಾಂಕು ಹತ್ತುತ್ತಿದ್ದರು. ಅಮ್ಮ ಕೆಳಗಿನಿಂದ ಕೂಗಿದ್ದನ್ನು ಅವರು ಫೋನಿಗೆ ಹೇಳುವುದು, ನಾನು ಹೇಳಿದ್ದನ್ನು ಕೆಳಗೆ ಕೂಗುವುದು.

ಮೊದಮೊದಲು "ನಿಮ್ಮಮ್ಮ ಹೀಗೆ ಕೇಳ್ತಿದ್ದಾಳೆ" ಎನ್ನುತ್ತಿದ್ದರು. ಅದರಲ್ಲೇ ಅರ್ಧ ಸಮಯ ಹೋಗುತ್ತಿತ್ತು. ಆಮೇಲೆ ನೇರವಾಗಿ ಅಮ್ಮನಾಗಿಬಿಟ್ಟರು. ಕಾಫಿ ಕೊಯ್ಯುವ ಪಿಕಿಂಗಿನವರನ್ನು ಗದರಿಸಿ ಗದರಿಸಿ ಒಡೆದ ಗಂಟಲಲ್ಲಿ, ನಿನ್ನ ನೆನಪಾಗಿ ನನಗೆ ಅನ್ನ ಇಳಿಯಲಿಲ್ಲ ಕಂದಾ, ಎನ್ನುತ್ತಿದ್ದರು. ನಡುನಡುವೆ ಎಂಟರ ಮಗ್ಗಿ ಕೇಳುತ್ತಿದ್ದರು. ಅಮ್ಮನಿಗೆ ಮಗ್ಗಿ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು, ಆದರೂ ಒಪ್ಪಿಸುತ್ತಿದ್ದೆ. ತಲೆಯಲ್ಲಿ ಹೇನಾಗಿದೆ ಎಂದು ನಾನು ಪಿಸುಗುಟ್ಟಿದ್ದು ಇಡೀ ಲೈನಿಗೆ ಡಂಗುರವಾಗಿತ್ತು. ನಾನು ಅವರನ್ನು ಅಮ್ಮಾ ಎಂದೇ ಕರೆಯುತ್ತಿದ್ದೆ. ನಮ್ಮ ಆಫೀಸಿನವರು ಪುಸ್ತಕದಲ್ಲಿ ವಾರವಾರವೂ 'ತಾಯಿ ಮಾತನಾಡಿದರು' ಎಂದು ಬರೆಯುತ್ತಿದ್ದರು.

ನಿಜವಾದ ಅಮ್ಮ ವರ್ಷಕ್ಕೆ ಎರಡು ಸಲ ಬರುತ್ತಿದ್ದಳು. ಬಂದರೂ ಮಾತಿಲ್ಲ. ಕಿತ್ತಳೆ ಸುಲಿದು ತೊಳೆ ತೊಳೆಯಾಗಿ ನನ್ನ ಬಾಯಿಗಿಟ್ಟು ಕಣ್ಣೊರೆಸಿಕೊಂಡು ಬಸ್ಸು ಹತ್ತುತ್ತಿದ್ದಳು.

ಮೂರನೆಯ ವರ್ಷ ಹೊಸ ಮೇಡಂ ಬಂದರು. ಬೇಸಿಗೆ ರಜೆಗೆ ಮನೆಗೆ ಹೋಗುವ ಮಕ್ಕಳ ಪಟ್ಟಿ ತಯಾರಾಗುತ್ತಿತ್ತು. ಹೆತ್ತವರು ಸ್ವತಃ ಕೇಳಿಕೊಂಡರೆ ಮಾತ್ರ ಹೆಸರು ಸೇರಿಸುವುದಾಗಿ ಮೇಡಂ ಹೇಳಿದರು. ಹಿಂದಿನ ಎರಡು ರಜೆಯನ್ನೂ ನಾನು ಅಲ್ಲೇ ಅಡುಗೆಯವರ ಕೋಳಿಗಳ ಜೊತೆ ಕಳೆದಿದ್ದೆ. ಈ ಸಲ ಅಮ್ಮ ಕರೆದುಕೊಂಡು ಹೋಗುತ್ತೇನೆ ಎಂದಿದ್ದಳು, ಅಂದರೆ ರೈಟರು ಎಂದಿದ್ದರು. ಆ ಭಾನುವಾರ ಫೋನಿನಲ್ಲಿ ಅವರು ಎಂದಿನಂತೆ, ನಾನು ಇವಳ ತಾಯಿ, ಮಗಳನ್ನು ಕಳಿಸಿಕೊಡಿ, ಎಂದರು. ಮೇಡಂ ಫೋನನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಯಾರಿದು ಎಂದು ಕೇಳಿದರು. ನಮ್ಮಮ್ಮ ಎಂದೆ. ಮುಂದಿನ ಭಾನುವಾರವೇ ಪಟ್ಟಿ ಮುಗಿಯುತ್ತದೆ, ಅಷ್ಟರಲ್ಲಿ ತಾಯಿಯೇ ಮಾತಾಡದಿದ್ದರೆ ಹೆಸರಿಲ್ಲ ಎಂದುಬಿಟ್ಟರು. ಆ ವಾರವೆಲ್ಲ ನನಗೆ ಮೇಡಂ ಮೇಲೆ ಕೋಪ, ಟ್ಯಾಂಕಿನ ಮೇಲೆ ಕೋಪ, ಎಲ್ಲಕ್ಕಿಂತ ಹೆಚ್ಚಾಗಿ ಸ್ಟೂಲಿಗೂ ಹೆದರುವ ಅಮ್ಮನ ಮೇಲೆ ಕೋಪ.

ಮುಂದಿನ ಭಾನುವಾರ ಲೈನಿನ ನಾಲ್ಕು ಹೆಂಗಸರು ಅಮ್ಮನ ಸೊಂಟಕ್ಕೆ ಹಗ್ಗ ಕಟ್ಟಿ, ಕರಿಮೆಣಸು ಕೊಯ್ಯುವ ಏಣಿಯಲ್ಲಿ ತಳ್ಳಿ ತಳ್ಳಿ ಮೇಲೆ ಹತ್ತಿಸಿದರಂತೆ. ಇದು ನನಗೆ ಆಮೇಲೆ ತಿಳಿದದ್ದು. ನನಗೆ ಕೇಳಿಸಿದ್ದು ಏದುಸಿರು ಮಾತ್ರ. ಆಮೇಲೆ ಒಂದು ತೆಳ್ಳಗಿನ, ನಡುಗುವ ದನಿ.

"ತಿಂಡಿ ಆಯ್ತಾ ಮಗಾ?"

ನನಗೆ ಸಿಟ್ಟು ಬಂತು. ಯಾರೋ ನನ್ನ ಐದು ನಿಮಿಷ ತಿನ್ನುತ್ತಿದ್ದಾರೆ.

"ನೀವ್ಯಾರು? ಫೋನು ಅಮ್ಮಂಗೆ ಕೊಡಿ."

ಕೆಳಗಿನಿಂದ ರೈಟರು, ಅದೇ ನಿಮ್ಮಮ್ಮ ಕಣೇ, ಎಂದು ಕೂಗಿದ್ದು ಕೇಳಿಸಿತು. ನಾನು ಅವರ ದನಿಗೆ, ಅಮ್ಮಾ, ಎಂದುಬಿಟ್ಟೆ. ಮೇಡಂ ಪೆನ್ನು ಕೆಳಗಿಟ್ಟರು. ನನ್ನ ರಜೆಯನ್ನು ನಾನೇ ಹಾಳುಮಾಡಿಕೊಂಡಿದ್ದೆ. ಹುಡುಗಿಗೇ ಗುರುತು ಸಿಗುತ್ತಿಲ್ಲವಲ್ಲ, ನೀವು ತಾಯಿ ಎಂದು ಹೇಗೆ ನಂಬಲಿ, ಎಂದು ಮೇಡಂ ಫೋನಿಗೆ ಕೇಳಿದರು.

"ನನ್ನ ದನಿ ಅವ್ಳಿಗೆ ಗುರ್ತಿಲ್ಲ ಮೇಡಂ," ಎಂದಳು ಅಮ್ಮ. "ಅದ್ಕೇ ಕಳ್ಸಿ ಅಂತಿರೋದು."

ಮೇಡಂ ಪೆನ್ನು ಎತ್ತಿಕೊಂಡು ನನ್ನ ಹೆಸರು ಬರೆದರು. ಆ ಕಡೆ ಅಮ್ಮನನ್ನು ಟ್ಯಾಂಕಿನಿಂದ ಇಳಿಸುವಷ್ಟರಲ್ಲಿ ಮಧ್ಯಾಹ್ನವಾಗಿತ್ತಂತೆ.