ಡಿ ಅಂದರೆ ದುಂಬು

ಜೀಪಿನ ಕಾಕನ ಎಡಗಾಲಿನ ಚಪ್ಪಲಿ ಯಾವಾಗಲೂ ಬಲಗಾಲಿನದಕ್ಕಿಂತ ಮೊದಲೇ ಸವೆಯುತ್ತಿತ್ತು. ಹಿಮ್ಮಡಿಯ ಕಡೆ ಗಟ್ಟಿ, ಹೆಬ್ಬೆರಳಿನ ಬುಡದಲ್ಲಿ ಮಾತ್ರ ರಬ್ಬರು ತೆಳುವಾಗುತ್ತಾ ಬಂದು ಕೊನೆಗೊಂದು ದಿನ ತೂತು. ನಮ್ಮ ಮರ್ಕಂಜದ ಏರು ರಸ್ತೆಗಳಲ್ಲಿ ದಿನವಿಡೀ ಕ್ಲಚ್ ತುಳಿದು ಆದ ತೂತು ಅದು. ಅಂಗಡಿಯವರು ಒಂದೇ ಕಾಲಿನ ಚಪ್ಪಲಿ ಮಾರುತ್ತಾರೆಯೇ? ಹೊಸ ಜೊತೆಯನ್ನೇ ಕೊಳ್ಳಬೇಕು. ಹಾಗೆ ಒಂಟಿಯಾಗಿ ಉಳಿದ ಬಲಗಾಲಿನ ಚಪ್ಪಲಿಗಳನ್ನೆಲ್ಲ ಕಾಕ ದೃಷ್ಟಿ ತಾಗದಿರಲಿ ಎಂದು ಜೀಪಿನ ಹಿಂದೆ ಕಟ್ಟುತ್ತಿದ್ದರು. ಅಷ್ಟೊಂದು ಚಪ್ಪಲಿ ನೇತಾಡುವ ಜೀಪಿನ ಮೇಲೆ ದೃಷ್ಟಿ ಹಾಕುವ ಧೈರ್ಯ ನಮ್ಮೂರಲ್ಲಿ ಯಾರಿಗೂ ಇರಲಿಲ್ಲ.

ನನ್ನ ಎಡಗಾಲಿನ ಕತೆ ಬೇರೆ. ಹುಟ್ಟುವಾಗಲೇ ಅದು ಸಣಕಲು, ಮಂಡಿಯಿಂದ ಕೆಳಗೆ ಬಲವಿಲ್ಲ. ನಡೆಯಬಲ್ಲೆ, ಆದರೆ ಆ ಕಾಲಿನಿಂದ ಏನನ್ನೂ ಒತ್ತಲಾರೆ. ನಮ್ಮ ಮನೆ ಗುಡ್ಡದ ಮೇಲೆ, ಶಾಲೆ ಕೆಳಗೆ. ಹಾಗಾಗಿ ಒಂದನೇ ತರಗತಿಯಿಂದಲೇ ನಾನು, ಊರವರನ್ನು ಹತ್ತಿಸಿಕೊಂಡು ಓಡಾಡುವ ಕಾಕನ ಸರ್ವಿಸ್ ಜೀಪಿನ ಗಿರಾಕಿ. ಮುಂದಿನ ಸೀಟಿನಲ್ಲಿ ಅವರ ಪಕ್ಕ ನನ್ನ ಜಾಗ. ಎಷ್ಟು ದೊಡ್ಡ ಮನುಷ್ಯರು ಹತ್ತಿದರೂ ಕಾಕ ಆ ಜಾಗ ಬಿಟ್ಟುಕೊಡುತ್ತಿರಲಿಲ್ಲ. ನನಗೆ ಅಲ್ಲೊಂದು ಕೆಲಸವಿತ್ತು, ಗೇರ್ ಹಾಕುವುದು! ಕಾಕ ಕ್ಲಚ್ ತುಳಿದು "ಹಾಕು" ಎನ್ನುತ್ತಿದ್ದರು. ನಾನು ಎರಡೂ ಕೈಯಲ್ಲಿ ಗೇರ್ ಹಿಡಿದು ಎಳೆಯುತ್ತಿದ್ದೆ. ಒಳಗೆಲ್ಲೋ ಹಲ್ಲು ಹಲ್ಲಿಗೆ ಸಿಕ್ಕಿ ಜೀಪು ಮುಂದಕ್ಕೆ ಹಾರುವಾಗ ನನಗಾಗುತ್ತಿದ್ದ ಖುಷಿಯನ್ನು ಹೇಗೆ ಹೇಳಲಿ?

"ಕಾಲು ನನ್ನದು, ಕೈ ನಿನ್ನದು. ಇಬ್ರು ಸೇರಿದ್ರೆ ಒಬ್ಬ ಡ್ರೈವರ್" ಎನ್ನುತ್ತಿದ್ದರು.

ಅವರ ಮನೆಯಲ್ಲಿ ಬ್ಯಾರಿ ಭಾಷೆ, ನಮ್ಮ ಮನೆಯಲ್ಲಿ ಅರೆಭಾಷೆ, ಶಾಲೆಯಲ್ಲಿ ಕನ್ನಡ. ಜೀಪಿನೊಳಗೆ ಮಾತ್ರ ತುಳುವೂ ಕನ್ನಡವೂ ಕಲಸಿದ, ಕಾಕನದೇ ಒಂದು ಭಾಷೆ. ದೊಡ್ಡ ಏರಿನ ಬುಡ ಬಂದಾಗ ಬಾಯಲ್ಲಿದ್ದ ಏಲಕ್ಕಿಯನ್ನು ಒಂದು ದವಡೆಗೆ ಸರಿಸಿ ಬಿಸ್ಮಿಲ್ಲಾ ಹೇಳಿ, ಹಿಂದೆ ತಿರುಗಿ, "ನಿಮ್ಮ ದೇವರನ್ನೂ ಕರೀರಿ ಮಾರಾಯ್ರೆ. ಏರು ದೊಡ್ಡದುಂಟು, ಒಬ್ರಿಂದ ಆಗುದಿಲ್ಲ" ಎನ್ನುತ್ತಿದ್ದರು. ಹೊಸಬರು ಯಾರಾದರೂ ನನ್ನ ಕಾಲು ನೋಡಿ "ಪಾಪ" ಎಂದರೆ ಅವರಿಗೆ ಎಲ್ಲಿಲ್ಲದ ಸಿಟ್ಟು ಬರುತ್ತಿತ್ತು. "ಪಾಪ ಎಂತದು? ಈಗ ಸೆಕೆಂಡ್ ಗೇರ್ ಹಾಕಿದ್ದು ಯಾರು ಅಂತ ಗೊತ್ತುಂಟಾ ನಿಮಗೆ?" ಎಂದು ರಸ್ತೆ ನೋಡುವುದನ್ನೇ ಬಿಟ್ಟು ಜಗಳಕ್ಕೆ ನಿಲ್ಲುತ್ತಿದ್ದರು. ಆಗ ಇಡೀ ಜೀಪೇ "ಕಾಕ, ಮುಂದೆ ನೋಡಿ!" ಎಂದು ಕೂಗಬೇಕಾಗುತ್ತಿತ್ತು.

ನಾನು ಕಲಿತು ದನದ ಡಾಕ್ಟರಾದೆ. ನಮ್ಮ ಕಡೆಗೇ ಕೆಲಸ ಸಿಕ್ಕಿತು. ಆದರೆ ದನಗಳು ಆಸ್ಪತ್ರೆಗೆ ನಡೆದು ಬರುವುದಿಲ್ಲವಲ್ಲ, ನಾನೇ ಗುಡ್ಡ ಹತ್ತಿ ಅವುಗಳ ಹಟ್ಟಿಗೆ ಹೋಗಬೇಕು. ಕರು ಅಡ್ಡ ಸಿಕ್ಕಿದೆ ಎಂದು ಫೋನ್ ಬಂದಾಗ ಬಾಡಿಗೆ ಜೀಪು ಹುಡುಕುವುದರಲ್ಲೇ ಹೊತ್ತು ಹೋಗುತ್ತಿತ್ತು. ಕಾಕನ ಜೀಪೂ ಅಷ್ಟರಲ್ಲಿ ಮುದಿಯಾಗಿ ಅಂಗಳದಲ್ಲಿ ನಿಂತಿತ್ತು. ಒಂದು ಸಲ ನಾನು ತಲುಪುವಷ್ಟರಲ್ಲಿ ದನವೂ ಇಲ್ಲ, ಕರುವೂ ಇಲ್ಲ. ಆ ಮನೆಯ ಹೆಂಗಸು ನನಗೆ ಒಂದು ಮಾತೂ ಬೈಯದೆ ಕಾಲಿಗೆ ನೀರು ಕೊಟ್ಟಳು. ಅದು ಬೈಗುಳಕ್ಕಿಂತ ಕಷ್ಟವಾಯಿತು. ಕುರ್ಚಿಯ ಮೇಲೆ ಕುಳಿತು ಕಡತ ನೋಡುವ ಕೆಲಸಕ್ಕೆ ವರ್ಗ ಮಾಡಿಸಿಕೊಳ್ಳುವುದೇ ಸರಿ ಎಂದು ಅಪ್ಪ ಹೇಳಿದರು. ನಾನೂ ಹೆಚ್ಚುಕಡಿಮೆ ಒಪ್ಪಿದ್ದೆ.

ಆಗ ಗೊತ್ತಾಯಿತು, ಕಡಬದ ಒಬ್ಬ ರಬ್ಬರ್ ಬೆಳೆಗಾರರು ತಮ್ಮ ಫೋರ್ ವೀಲ್ ಗಾಡಿ ಮಾರುತ್ತಾರಂತೆ. ಗುಡ್ಡಕ್ಕೆಂದೇ ಮಾಡಿದ ಗಾಡಿ, ಅದೂ ಆಟೊಮ್ಯಾಟಿಕ್! ಕ್ಲಚ್ಚೇ ಇಲ್ಲ! ಎಡಗಾಲಿಗೆ ಕೆಲಸವೇ ಇಲ್ಲ! ಪುತ್ತೂರಿನಲ್ಲಿ ಡಾಕ್ಟರ ಸರ್ಟಿಫಿಕೇಟ್ ಕೊಟ್ಟು, ಇಂಥದ್ದೇ ಒಂದು ಸಣ್ಣ ಕಾರಿನಲ್ಲಿ ಕಲಿತು ನಾನು ಲೈಸೆನ್ಸ್ ಮಾಡಿಸಿಟ್ಟಿದ್ದೆ. ಆದರೆ ಆ ಕಾರು ನಮ್ಮ ಏರಿನ ಬುಡಕ್ಕೂ ಬರುವಂಥದ್ದಲ್ಲ. ನಾನು ಕಾಕನ ಮನೆಗೆ ಓಡಿದೆ. ಓಡಿದೆ ಎಂದರೆ, ನನ್ನ ಮಟ್ಟಿಗೆ ಓಡಿದೆ.

ಕಾಕ ಮುಖ ಗಂಟಿಕ್ಕಿದರು. "ಗೇರಿಲ್ಲದ ಗಾಡಿ ಅಂದ್ರೆ ಉಪ್ಪಿಲ್ಲದ ಗಂಜಿ. ಹತ್ತುದು ಹೇಗೂ ಹತ್ತೀತು. ಇಳಿವಾಗ ಎಂಜಿನ್ ಹಿಡಿಬೇಕಲ್ಲ? ಬರೀ ಬ್ರೇಕಲ್ಲಿ ಇಳಿದ್ರೆ ಬ್ರೇಕ್ ಬೆಂದು ಸೀದಾ ಹೊಳೆಗೆ" ಎಂದರು. ಆದರೂ ಬಿಳಿ ಅಂಗಿ ತೊಟ್ಟು ಕಡಬಕ್ಕೆ ಹೊರಟರು. ನನ್ನನ್ನು ತಡೆಯಲು ಹೊರಟರೋ, ಗಾಡಿ ನೋಡುವ ಚಪಲಕ್ಕೆ ಹೊರಟರೋ, ಅವರಿಗೇ ಗೊತ್ತಿರಲಿಲ್ಲ.

ಬೆಳೆಗಾರರು ಕೀ ಕೊಟ್ಟದ್ದೇ ತಡ, "ಮೊದ್ಲು ನಾನು ನೋಡ್ತೇನೆ" ಎಂದು ಕಾಕ ಹತ್ತಿ ಕೂತರು. ರಬ್ಬರು ತೋಟದ ಮಣ್ಣಿನ ರಸ್ತೆ. ಗಾಡಿ ಮೆತ್ತಗೆ ಹೊರಟಿತು, ವೇಗ ಏರಿತು. ಈಗ ಗೇರ್ ಬದಲಿಸುವ ಹೊತ್ತು ಎಂದು ಅವರ ಕಿವಿಗೆ ಕೇಳಿಸಿತು ನೋಡಿ, ಅಷ್ಟೂ ವರ್ಷಗಳ ಅಭ್ಯಾಸದ ಎಡಗಾಲು ಇಲ್ಲದ ಕ್ಲಚ್ಚಿಗೆ ದಢಾರನೆ ತುಳಿಯಿತು! ಕಾಲಿಗೆ ಸಿಕ್ಕಿದ್ದು ಅಗಲದ ಬ್ರೇಕು. ಗಾಡಿ ಕಚ್ಚಿ ನಿಂತಿತು. ಕಾಕನ ಟೊಪ್ಪಿ ಹಾರಿ ಗಾಜಿಗೆ ಬಡಿಯಿತು, ಬಾಯಲ್ಲಿದ್ದ ಏಲಕ್ಕಿ ಹೊಟ್ಟೆಗೆ ಹೋಯಿತು.

"ಗಾಡಿ ಸರಿ ಇಲ್ಲ" ಎಂದರು.

"ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ" ಎಂದೆ ನಾನು.

ಮತ್ತೆ ಹೊರಟರು, ಮತ್ತೆ ಅದೇ. ಎಡಗಾಲನ್ನು ಸೀಟಿನ ಅಡಿಗೆ ಮಡಚಿಟ್ಟು ನೋಡಿದರು. ಅಲ್ಲಿಂದಲೂ ಅದು ತಪ್ಪಿಸಿಕೊಂಡು ಬಂತು! ಬೆಳೆಗಾರರು ಹೊಟ್ಟೆ ಹಿಡಿದು ನಗುತ್ತಿದ್ದರು. ಕೊನೆಗೆ ಕಾಕ ಇಳಿದು, "ಕೂತ್ಕೊ" ಎಂದು ನನಗೆ ಜಾಗ ಬಿಟ್ಟರು. ನಾನು ತೋಟಕ್ಕೆ ಒಂದು ಸುತ್ತು ಹಾಕಿಸಿದೆ. ಗಾಡಿ ತಾನೇ ಗೇರ್ ಬದಲಿಸಿಕೊಳ್ಳುತ್ತಾ, ಸದ್ದೇ ಇಲ್ಲದೆ ಹೋಗಿ ಬಂದು ನಿಂತಿತು. ಕಾಕ ನನ್ನ ಎಡಗಾಲನ್ನೇ ನೋಡುತ್ತಿದ್ದರು. ಅವರು ಅದನ್ನು ಹಾಗೆ ನೇರವಾಗಿ ನೋಡಿದ್ದು ಅದೇ ಮೊದಲು.

"ನನ್ನ ಕಾಲಿಗೆ ಮರೀಲಿಕ್ಕೆ ತುಂಬಾ ಉಂಟು. ನಿನ್ನ ಕಾಲಿಗೆ ಮರೀಲಿಕ್ಕೆ ಎಂತದೂ ಇಲ್ಲ. ಈ ಗಾಡಿ ನಿನಗೇ ಮಾಡಿದ್ದು ಮಾರಾಯ್ತಿ!" ಎಂದರು.

ಆಮೇಲೆ ಗೇರಿನ ಪಕ್ಕದ ಅಕ್ಷರಗಳನ್ನು ತೋರಿಸಿ ಇದೆಂತ ಎಂದು ಕೇಳಿದರು. ಪಿ, ಆರ್, ಎನ್, ಡಿ. ನಾನು ಇಂಗ್ಲಿಷಿನಲ್ಲಿ ಹೇಳಿದ್ದು ಅವರಿಗೆ ಹಿಡಿಸಲಿಲ್ಲ. ತಾವೇ ತುಳುವಿನಲ್ಲಿ ಅರ್ಥ ಹಚ್ಚಿದರು. "ಪಿ ಅಂದ್ರೆ ಪೋಪುಜಿ, ಹೋಗುದಿಲ್ಲ. ಆರ್ ಅಂದ್ರೆ ರಡ್ಡ್ ಪಜ್ಜೆ ಪಿರ, ಎರಡು ಹೆಜ್ಜೆ ಹಿಂದೆ. ಎನ್ ಅಂದ್ರೆ ನಡಪುಜಿ, ನಡೆಯುದಿಲ್ಲ. ಡಿ ಅಂದ್ರೆ ದುಂಬು. ಮುಂದೆ!"

"ಹೋಗುದಿಲ್ಲ, ನಡೆಯುದಿಲ್ಲ ಎರಡೂ ಒಂದೇ ಅಲ್ವಾ ಕಾಕ?"

"ಒಂದೇ ಹೇಗೆ? ಪೋಪುಜಿ ಅಂದ್ರೆ ಹಠ, ತಳ್ಳಿದ್ರೂ ಹೋಗ್ಲಿಕ್ಕಿಲ್ಲ. ನಡಪುಜಿ ಅಂದ್ರೆ ಉದಾಸೀನ. ತಳ್ಳಿದ್ರೆ ಹೋಗ್ತದೆ."

ಇದಕ್ಕಿಂತ ಚೆನ್ನಾಗಿ ಪಾರ್ಕು ಮತ್ತು ನ್ಯೂಟ್ರಲ್ಲಿನ ವ್ಯತ್ಯಾಸವನ್ನು ನನಗೆ ಡ್ರೈವಿಂಗ್ ಶಾಲೆಯಲ್ಲೂ ಯಾರೂ ಹೇಳಿಕೊಟ್ಟಿರಲಿಲ್ಲ.

ಬೆಳೆಗಾರರು ಒಳ್ಳೆಯವರು. "ನಿಮ್ಮ ಏರು ಹತ್ತಿಸಿ ನೋಡಿ. ಆಗದಿದ್ರೆ ವಾಪಸ್ ತನ್ನಿ" ಎಂದರು. ಅಪ್ಪ ಫೋನಿನಲ್ಲಿ ಹೇಳಿದ್ದೂ ಅದೇ: ನಮ್ಮ ಮನೆಯ ಏರು ನೀನೇ ಹತ್ತಿಸಿ ಬಾ, ಅಂಗಳದಲ್ಲಿ ನಿಂತಿರುತ್ತೇನೆ, ಇಲ್ಲದಿದ್ದರೆ ವರ್ಗಕ್ಕೆ ಅರ್ಜಿ ಹಾಕು. ಹಿಂದಿನ ದಿನ ಮಳೆ ಬಂದು ಏರಿನ ಕೆಂಪು ಮಣ್ಣು ಎಣ್ಣೆ ಸವರಿದ ಹಾಗಿತ್ತು. ಬುಡದಲ್ಲಿ ನಿಲ್ಲಿಸಿ, ನಾಲ್ಕೂ ಚಕ್ರಕ್ಕೆ ಬಲ ಕೊಡುವ ಫೋರ್ ವೀಲಿನ ಸಣ್ಣ ಗೇರ್ ಹಾಕಿದೆ. ಪಕ್ಕದಲ್ಲಿ ಕಾಕ ಏಲಕ್ಕಿ ಸರಿಸಿ, "ಬಿಸ್ಮಿಲ್ಲಾ. ನಿನ್ನವರನ್ನೂ ಕರಿ" ಎಂದರು.

ಅರ್ಧ ಏರಿದ್ದೆ, ತಿರುವಿನಲ್ಲಿ ಹಾಲಿನ ಪಿಕಪ್ ಇಳಿದು ಬಂತು! ನಿಲ್ಲಿಸಲೇಬೇಕಾಯಿತು. ಏರಿನ ನಡುವೆ ನಿಲ್ಲಿಸುವುದೆಂದರೆ ನಮ್ಮ ಕಡೆಯ ಡ್ರೈವರುಗಳ ಕೆಟ್ಟ ಕನಸು. ಅರ್ಧ ಕ್ಲಚ್ಚು, ಅರ್ಧ ಬ್ರೇಕು, ಸುಟ್ಟ ವಾಸನೆ, ಹಿಂದಿನ ಚಕ್ರಕ್ಕೆ ಕಲ್ಲು ಕೊಡಲು ಯಾರೋ ಹಾರುವುದು. "ಹೋಯ್ತು" ಎಂದರು ಕಾಕ. ಅವರ ಎಡಗಾಲು ಇಲ್ಲದ ಕ್ಲಚ್ಚನ್ನು ಮ್ಯಾಟಿನೊಳಗೆ ಹೂತುಹೋಗುವಂತೆ ಒತ್ತಿತ್ತು. ಪಿಕಪ್ ಬದಿಯಿಂದ ದಾಟಿತು. ನಾನು ಬ್ರೇಕಿನಿಂದ ಕಾಲೆತ್ತಿದೆ. ಗಾಡಿ ಹಿಂದೆ ಜಾರಲಿಲ್ಲ! ಎಕ್ಸಲರೇಟರ್ ಒತ್ತಿದೆ, ಒಂದು ಚಕ್ರ ಸುಮ್ಮನೆ ತಿರುಗಿ ಕೆಸರು ಎರಚಿತು. ನನಗೆ ಗಾಬರಿಯಾಗಿ ಇನ್ನೂ ಒತ್ತುವುದರಲ್ಲಿದ್ದೆ.

"ಗಡಿಬಿಡಿ ಬೇಡ. ಮೊಟ್ಟೆ ಮೇಲೆ ಕಾಲಿಟ್ಟ ಹಾಗೆ ಕೊಡು" ಎಂದರು ಕಾಕ. ಮೆಲ್ಲಗೆ ಒತ್ತಿದೆ. ಚಕ್ರ ಕಲ್ಲು ಹಿಡಿಯಿತು. "ದುಂಬು! ದುಂಬು!" ಕಾಕ ಡ್ಯಾಶ್‌ಬೋರ್ಡು ಗುದ್ದುತ್ತಿದ್ದರು, ನಾನೂ ಕಿರುಚುತ್ತಿದ್ದೆ. ಅಂಗಳಕ್ಕೆ ಬಂದು ನಿಲ್ಲುವ ಮೊದಲೇ ಅವರು ಕಿಟಕಿಯಿಂದ ಸೊಂಟದವರೆಗೆ ಹೊರಬಂದು, "ಗೌಡ್ರೇ, ಕುರ್ಚಿ ಬೇರೆಯವರಿಗೆ ಕೊಡ್ಲಿಕ್ಕೆ ಹೇಳಿ! ಡಾಕ್ಟ್ರಮ್ಮ ಬಂದ್ರು!" ಎಂದು ಕೂಗಿದರು. ಅಪ್ಪ ಹೆಗಲ ಬೈರಾಸಿನಿಂದ ಗಾಡಿಯ ಗಾಜಿಗೆ ಸಿಡಿದ ಕೆಸರು ಒರೆಸತೊಡಗಿದರು.

ಏರು ಇಳಿಯುವಾಗ ಗೇರನ್ನು ಡಿಯಿಂದ ಪಕ್ಕಕ್ಕೆ ಸರಿಸಿ, ಗಾಡಿಯನ್ನು ಒಂದನೇ ಗೇರಿನಲ್ಲೇ ಹಿಡಿದಿಟ್ಟು, ಬ್ರೇಕ್ ಮುಟ್ಟದೆ ಇಳಿಸಿ ತೋರಿಸಿದೆ. ಎಂಜಿನ್ ಹಿಡಿದ ಸದ್ದನ್ನು ಕಾಕ ಬಾಯಿ ತೆರೆದು ಕೇಳಿದರು. "ಗಂಜಿಗೆ ಉಪ್ಪುಂಟು" ಎಂದರು. ಮರುದಿನ ಗಾಡಿಯ ಹಿಂದೆ ಅವರ ಬಲಗಾಲಿನ ಚಪ್ಪಲಿಯೊಂದು ನೇತಾಡುತ್ತಿತ್ತು.

ಆ ಗಾಡಿಯಲ್ಲಿ ಎಷ್ಟು ಹಟ್ಟಿಗಳಿಗೆ ಸಮಯಕ್ಕೆ ಮುಟ್ಟಿದೆ! ಅರಂತೋಡಿನ ಆಚೆಯ ಮನೆಗಳಿಗೂ ಹೋದೆ. ಕಾಲಿಗೆ ನೀರು ಕೊಟ್ಟಿದ್ದ ಆ ಹೆಂಗಸಿನ ಹೊಸ ದನದ ಕರುವನ್ನು ನಾನೇ ಎಳೆದು ತೆಗೆದೆ.

ಕಳೆದ ವರ್ಷ ಕಾಕನಿಗೆ ಕಾಯಿಲೆ ಜೋರಾಯಿತು. ಪುತ್ತೂರಿನ ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಎಂದರು. ಹಾಗೆಂದರೆ ಏನೆಂದು ಎಲ್ಲರಿಗೂ ಗೊತ್ತಿತ್ತು, ಕಾಕನಿಗೂ. ಅವರ ಮನೆಯ ಏರಿನ ಬುಡದಲ್ಲಿ ಆಂಬುಲೆನ್ಸ್ ನಿಂತುಬಿಟ್ಟಿತು. ನನಗೆ ಫೋನ್ ಬಂತು. ಮಲಗಿಸುತ್ತೇವೆ ಎಂದರೆ ಕಾಕ ಕೇಳಲಿಲ್ಲ, ಮುಂದಿನ ಸೀಟೇ ಬೇಕೆಂದರು. ಬೆಲ್ಟು ಬಿಗಿದು ಕೂರಿಸಿದೆವು. ಕೈ ತೆಳ್ಳಗಾಗಿತ್ತು. ಆ ಕೈಯನ್ನು ಎತ್ತಿ ಗೇರಿನ ಮೇಲಿಟ್ಟರು. ನನಗೆ ಅರ್ಥವಾಯಿತು. ಈ ಗಾಡಿಯಲ್ಲಿ ಬ್ರೇಕ್ ತುಳಿಯದೆ ಗೇರ್ ಅಲುಗುವುದಿಲ್ಲ. ಬಲಗಾಲಲ್ಲಿ ಬ್ರೇಕ್ ತುಳಿದು, "ಹಾಕಿ ಕಾಕ" ಎಂದೆ.

ಅವರು ಎಳೆದರು. ಆರ್ ದಾಟಿ, ಎನ್ ದಾಟಿ, ಡಿಗೆ ಬಂದು ನಿಂತಿತು. "ಕಾಲು ನಿನ್ನದು" ಎಂದರು. ಮುಂದಿನದ್ದು ಹೇಳಲು ಉಸಿರು ಸಾಲದೆ ನಕ್ಕರು. ಏರು ಹತ್ತುವಷ್ಟು ಹೊತ್ತೂ ಅವರ ಎಡಗಾಲು ಮ್ಯಾಟಿನ ಮೇಲೆ ಮೆಲ್ಲಗೆ ಒತ್ತುತ್ತಲೇ ಇತ್ತು. ಆ ವಾರವೇ ತೀರಿಕೊಂಡರು.

ನನ್ನ ಎಡಗಾಲು ಎಂದೂ ಕಲಿಯದ್ದನ್ನು ನನಗೆ ಕಲಿಸಿದವರು ಅವರು. ಈಗಲೂ ಏರಿನ ಬುಡದಲ್ಲಿ ಬ್ರೇಕ್ ತುಳಿದು ಒಂದು ಗಳಿಗೆ ಕಾಯುತ್ತೇನೆ. ಪಕ್ಕದ ಸೀಟಿನಿಂದ ಕೈ ಬರುವುದಿಲ್ಲ. ನಾನೇ ಹಾಕುತ್ತೇನೆ.

ದುಂಬು.