ಮೊರದೊಳಗಿನ ಹರಳು

ಮೊಮ್ಮಗಳ ಕಣ್ಣಿಗೆ ಅಂಟಿಸುವ ಪಟ್ಟಿಯ ಪೊಟ್ಟಣ ಬಿಚ್ಚಿದೆ ನೋಡಿ, ಆ ಅಂಟಿನ ವಾಸನೆ ನನ್ನನ್ನು ಕೊಪ್ಪಳದ ಈ ಮನೆಯಿಂದ ಎತ್ತಿಕೊಂಡು ಹೋಗಿ ಕುಷ್ಟಗಿಯ ನಮ್ಮ ಪಡಸಾಲೆಯಲ್ಲಿ ಕೂರಿಸಿಬಿಟ್ಟಿತು.

ನನ್ನದೂ ಮೆಳ್ಳೆಗಣ್ಣೇ. ನಾನು ಒಬ್ಬರನ್ನು ನೋಡಿ ಕರೆದರೆ ಪಕ್ಕದವರು ಏನವಾ ಎಂದು ಎದ್ದು ಬರುತ್ತಿದ್ದರು. ಅದೃಷ್ಟದ ಕಣ್ಣು, ಮುಟ್ಟಬೇಡಿ ಎಂದು ಓಣಿಯವರೆಲ್ಲ ಅಪ್ಪನಿಗೆ ಹೇಳಿದ್ದರು. ಎಡಗಣ್ಣು ಮಂಜಾಗಿದ್ದ ನನಗೆ ಆ ಅದೃಷ್ಟ ಕಾಣಲೇ ಇಲ್ಲ ಬಿಡಿ.

ಡಾಕ್ಟರು ಕನ್ನಡಕ ಕೊಟ್ಟು, ನೆಟ್ಟಗಿರುವ ಬಲಗಣ್ಣಿಗೆ ದಿನಾ ಕೆಲವು ತಾಸು ಪಟ್ಟಿ ಹಾಕಿ ಎಂದರು. ಆಗ ಎಡಗಣ್ಣು ದುಡಿಯುವುದು ಕಲಿಯುತ್ತದೆ, ಈ ಎಳೆ ವಯಸ್ಸು ದಾಟಿದರೆ ಅದರ ನೋಟ ಬರುವುದು ಕಷ್ಟ ಎಂದೂ ಹೇಳಿದರು. ಅವ್ವ ಬೆಳಿಗ್ಗೆ ಪಟ್ಟಿ ಹಾಕಿ ಶಾಲೆಗೆ ಕಲಿಸಲು ಹೋಗುತ್ತಿದ್ದಳು. ಅವಳು ಹೊಸ್ತಿಲು ದಾಟಿದ್ದೇ ತಡ, ಅಪ್ಪನ ಅವ್ವ, ನಮ್ಮಜ್ಜಿ, ಅದನ್ನು ಕಿತ್ತು ಎಡಗಣ್ಣಿಗೆ ಹಚ್ಚುತ್ತಿದ್ದಳು. ಎಡಗಾಲು ಉಳುಕಿದರೆ ಯಾರಾದರೂ ಬಲಗಾಲಿಗೆ ಪಟ್ಟಿ ಕಟ್ಟುತ್ತಾರೆಯೇ ಎಂಬುದು ಅವಳ ವಾದ. ನನಗೂ ಹಿತವಾಗಿತ್ತು.

ಮತ್ತೆ ತೋರಿಸಲು ಹೋದಾಗ ಎಡಗಣ್ಣು ಒಂದಿಷ್ಟೂ ಸುಧಾರಿಸಿಲ್ಲ ಎಂದು ಡಾಕ್ಟರು ಹುಬ್ಬು ಗಂಟಿಕ್ಕಿದರು. ಜೊತೆಗೆ ಬಂದಿದ್ದ ಅಜ್ಜಿ ತಾನೇ ಬಾಯಿಬಿಟ್ಟಳು. "ಖರೇ ಹೇಳ್ತೀನ್ರಿ, ಓರಿ ಇದ್ದ ಕಣ್ಣಿಗೇ ಪಟ್ಟಿ ಹಚ್ಚೀನ್ರಿ."

ಡಾಕ್ಟರು ಬೈಯಲಿಲ್ಲ. "ಅಮ್ಮಾರ, ಮನ್ಯಾಗ ಎಲ್ಲಾ ಕೆಲಸ ಒಬ್ಬಾಕಿನ ಮಾಡಿದ್ರ ಇನ್ನೊಬ್ಬಾಕಿ ಕಲಿಯೋದು ಯಾವಾಗ್ರಿ?"

ಸೊಸೆಯಂದಿರನ್ನು ಪಳಗಿಸಿದ ಅಜ್ಜಿಗೆ ಅಷ್ಟು ಸಾಕಾಯಿತು.

ಮರುದಿನದಿಂದ ಪಟ್ಟಿ ಬಲಗಣ್ಣಿಗೇ. ನಾನು ರಂಪ ಮಾಡಿದರೆ ಅಜ್ಜಿ ಮೊರದ ತುಂಬ ಅಕ್ಕಿ ತಂದು ಮುಂದಿಡುತ್ತಿದ್ದಳು. "ಹಳ್ಳ ಆರಸವಾ, ನನ್ನ ಕಣ್ಣಿಗೆ ಕಾಣಂಗಿಲ್ಲ." ಅಕ್ಕಿಯೊಳಗಿನ ಹರಳಿಗೆ ನಮ್ಮ ಕಡೆ ಹಳ್ಳ ಎನ್ನುತ್ತಾರೆ. ಅದು ಗಂಗಾವತಿಯಲ್ಲಿ ಗಿರಣಿ ಇಟ್ಟಿದ್ದ ಸೋದರಮಾವ ಕಳಿಸುತ್ತಿದ್ದ ಅಕ್ಕಿ. ಮೊದಮೊದಲು ಕೈಗೆ ಸಿಕ್ಕಿದ್ದೆಲ್ಲ ಹರಳೇ. ಬರಬರುತ್ತ ಅಕ್ಕಿ ಬೇರೆ, ಹರಳು ಬೇರೆ ಕಂಡಿತು. ಕಣ್ಣು ಪೂರ್ತಿ ನೆಟ್ಟಗಾಗಲಿಲ್ಲ, ನೋಟ ಮಾತ್ರ ದಕ್ಕಿತು.

ಈಗ ಮೊಮ್ಮಗಳು ಹಚ್ಚಿದ ಪಟ್ಟಿ ಬೇಡವೆಂದು ಅಳುತ್ತಿದ್ದಾಳೆ. ಕಿತ್ತುಬಿಡಲೇ ಎಂದು ಕೈ ಮುಂದೆ ಹೋಯಿತು, ಕರುಳು ಕೇಳಬೇಕಲ್ಲ. ಎದ್ದು ಹೋಗಿ ಮೊರ ತಂದೆ. ಈಗಿನ ಅಕ್ಕಿಯಲ್ಲಿ ಹರಳೆಲ್ಲಿ? ಅಂಗಳದಲ್ಲಿ ಒಂದು ಹಿಡಿ ಆರಿಸಿ, ತೊಳೆದು, ಬೆರೆಸತೊಡಗಿದೆ. ಬೆರೆಸುತ್ತಿದ್ದ ಕೈ ಹಾಗೇ ನಿಂತಿತು.

ಮಾವ ತಂಗಿಯ ಮನೆಗೆಂದು ಹಸನು ಮಾಡಿಸಿಯೇ ಕಳಿಸುತ್ತಿದ್ದ ಅಕ್ಕಿ ಅದು. ಅವ್ವ ನೋಡದೆಯೇ ಎಸರಿಗೆ ಸುರಿಯುತ್ತಿದ್ದಳು. ನನ್ನ ಮೊರದಲ್ಲಿ ಮಾತ್ರ ಅಷ್ಟೊಂದು ಹರಳು ಎಲ್ಲಿಂದ ಬರುತ್ತಿದ್ದವು? ಕಣ್ಣು ಕಾಣದು ಎನ್ನುತ್ತಿದ್ದ ನನ್ನಜ್ಜಿ, ದಿನಾ ಅಂಗಳದಲ್ಲಿ ಬಗ್ಗಿ ಒಂದೊಂದಾಗಿ ಆರಿಸಿ ತಂದು ಬೆರೆಸಿದ್ದಳು.

"ಬಾರವಾ," ಎಂದು ಮೊಮ್ಮಗಳನ್ನು ಕರೆದೆ. "ಹಳ್ಳ ಆರಸು, ನನ್ನ ಕಣ್ಣಿಗೆ ಕಾಣಂಗಿಲ್ಲ."

ಸುಳ್ಳೇನಲ್ಲ. ಆ ಗಳಿಗೆಯಲ್ಲಿ ನನ್ನ ಎರಡೂ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ.