ಕವೆಗೋಲು ಹಿಡಿದವಳು

ಆಗೆಲ್ಲ ಬೇಸಿಗೆ ರಜೆ ಎಂದರೆ ನೆಂಟರ ಮಕ್ಕಳು ಬಂದು ಮನೆ ತುಂಬಿಕೊಳ್ಳುವ ಕಾಲ. ಬಂದವರಿಗೆ ನಮ್ಮ ಹಾಸಿಗೆ, ನಮ್ಮ ತಟ್ಟೆ, ಕಿಟಕಿ ಪಕ್ಕದ ಜಾಗ ಎಲ್ಲ ಬಿಟ್ಟುಕೊಡಬೇಕು. ನೀವೂ ಬಿಟ್ಟುಕೊಟ್ಟಿರುತ್ತೀರಿ, ಒಳಗೊಳಗೇ ಹಲ್ಲು ಕಡಿದಿರುತ್ತೀರಿ. ಆ ವರ್ಷ ನಾನು ಅಪ್ಪನನ್ನೇ ಬಿಟ್ಟುಕೊಡಬೇಕಾಯಿತು.

ನಮ್ಮ ಮನೆ ಇದ್ದದ್ದು ಸರಸ್ವತಿಪುರಂನಲ್ಲಿ. ಅಪ್ಪ ಹೈಸ್ಕೂಲು ಮೇಷ್ಟ್ರು. ಅವರ ಸ್ನೇಹಿತರೊಬ್ಬರಿಗೆ ಬೆಟ್ಟದ ತಪ್ಪಲಲ್ಲಿ ಒಂದಷ್ಟು ಕಾಡುಜಮೀನಿತ್ತು. ಹೊಂಗೆ, ಬೇವಿನ ಮರಗಳ ನಡುವೆ ಲಂಟಾನದ ಮುಳ್ಳುಪೊದೆ ಆಳೆತ್ತರ ಬೆಳೆದು ಒಳಗೆ ಕಾಲಿಡಲು ಆಗುತ್ತಿರಲಿಲ್ಲ. ಒಂದು ಮರವನ್ನೂ ಮುಟ್ಟದೆ ಆಚೆ ಬೇಲಿಯವರೆಗೆ ಓಡಾಡಲು ಕಾಲುದಾರಿ ಮಾಡಿಕೊಡುತ್ತೇನೆಂದು ಅಪ್ಪ ಒಪ್ಪಿಕೊಂಡುಬಿಟ್ಟರು. ಅದೇ ಹೊತ್ತಿಗೆ ಹಾಸನದಿಂದ ಚಿಕ್ಕಪ್ಪನ ಮಗಳು ಶುಭಾ ಬಂದಿಳಿದಳು. ನನ್ನದೇ ವಯಸ್ಸು, ನನಗಿಂತ ಉದ್ದ ಜಡೆ. ಅದೂ ಒಂದು ಉರಿ.

ಬಿಸಿಲೇರುವ ಮೊದಲೇ ಸ್ಕೂಟರಿನಲ್ಲಿ ಹೊರಡುತ್ತಿದ್ದೆವು. ಅಪ್ಪನ ಸೊಂಟ ಹಿಡಿದು ಶುಭಾ. ಅವಳ ಹಿಂದೆ ಸ್ಟೆಪ್ನಿಗೆ ಬೆನ್ನು ಒತ್ತಿಕೊಂಡು, ಚಿತ್ರಾನ್ನದ ಡಬ್ಬಿ ಅಪ್ಪಿಕೊಂಡು ನಾನು.

ಲಂಟಾನ ಕಡಿಯಲು ಇಬ್ಬರು ಬೇಕು. ಒಬ್ಬರು ತುದಿ ಕವಲೊಡೆದ ಉದ್ದನೆಯ ಕೋಲಿನಿಂದ, ಅಂದರೆ ಕವೆಗೋಲಿನಿಂದ, ಪೊದೆಯನ್ನು ಒತ್ತಿ ಹಿಡಿಯಬೇಕು. ಇನ್ನೊಬ್ಬರು ಬಗ್ಗಿ ಬುಡಕ್ಕೆ ಮಚ್ಚು ಹಾಕಬೇಕು. ಕಡಿದದ್ದನ್ನು ದೂರದ ಬಂಡೆಗೆ ಎಳೆದೊಯ್ದು ಬುಡ ಮೇಲಾಗಿ ಒಣಹಾಕಬೇಕು. ಮಣ್ಣು ತಾಗಿದರೆ ಹಾಳಾದ್ದು ಮತ್ತೆ ಚಿಗುರುತ್ತದೆ. ಮಚ್ಚು ಅಪ್ಪನದು. ಕವೆಗೋಲು ಮೊದಲ ದಿನವೇ ಶುಭಾಳ ಕೈಗೆ ಹೋಯಿತು. ಎಳೆಯುವ ಕತ್ತೆಚಾಕರಿ ನನಗೆ.

"ಅವಳ್ಯಾಕೆ? ನಾನು ಹಿಡ್ಕೋತೀನಿ" ಅಂದೆ.

"ನಾಕು ದಿನಕ್ಕೆ ಬಂದಿರೋ ಮಗು ಕಣಮ್ಮ. ನೀನು ಮನೆಯವಳು, ಎಲ್ಲೋಗ್ತೀಯ?" ಅಂದರು ಅಪ್ಪ.

ಮನೆಯವಳಾಗಿ ಹುಟ್ಟಿದ್ದೇ ತಪ್ಪಾಯಿತೇ!

ಮನೆಯಲ್ಲಿ ಅಪ್ಪನದು ಮಾತು ಕಡಿಮೆ. ಅಲ್ಲಿ ಮಾತ್ರ, ಕೈ ಓಡುತ್ತಿದ್ದರೆ ಬಾಯಿಯೂ ಬಿಚ್ಚಿಕೊಳ್ಳುತ್ತಿತ್ತು. ಮುಂದೆ ಅಪ್ಪ ಏನೋ ಹೇಳುವುದು, ಶುಭಾ ಕಿಲಕಿಲ ನಗುವುದು ನನಗೆ ಕೇಳುತ್ತಿತ್ತು. ಮುಳ್ಳು ಗೀಚಿದ ಕೈಯಲ್ಲಿ ಕೊಂಬೆಗಳನ್ನು ಬಂಡೆಗೆ ಎಸೆದು ಓಡಿ ಬರುವಷ್ಟರಲ್ಲಿ ಮಾತು ಮುಗಿದಿರುತ್ತಿತ್ತು.

"ಏನಂದ್ರೇ?"

"ಏನಿಲ್ಲ ಕಣೇ, ಸುಮ್ನೆ" ಅನ್ನುವಳು ಶುಭಾ.

ಆ 'ಸುಮ್ನೆ' ಕೇಳಿದರೆ ನನ್ನ ಹೊಟ್ಟೆಗೆ ಬೆಂಕಿ ಬೀಳುತ್ತಿತ್ತು. ಮನೆಗೆ ಬಂದು ಅಮ್ಮನ ಹತ್ತಿರ, "ಅಪ್ಪಂಗೆ ಶುಭಾನೇ ಮಗಳು, ನಾನಲ್ಲ" ಎಂದು ಗೊಳೋ ಅತ್ತೆ. ಅಮ್ಮ ನನ್ನ ಗೀರುಗಳಿಗೆ ಕೊಬ್ಬರಿ ಎಣ್ಣೆ ಸವರುತ್ತಾ, "ಹೊಟ್ಟೆಕಿಚ್ಚಿಗೂ ಒಂದು ಮಿತಿ ಇರ್ಬೇಕು ಕಣೇ. ಅವಳು ಊರಿಗೋದ್ರೆ ನಿಮ್ಮಪ್ಪ ನಿನಗೇ ತಾನೆ?" ಅಂದಳು.

ಲಂಟಾನದ ಕಪ್ಪು ಹಣ್ಣು ತಿಂದೂ ತಿಂದೂ ಒಂದು ದಿನ ಶುಭಾಳ ಹೊಟ್ಟೆ ಕೆಟ್ಟಿತು. ದೇವರಿದ್ದಾನೆ ಅಂದುಕೊಂಡೆ.

ಅಂದು ಕವೆಗೋಲು ನನ್ನದು. ಕಡಿದ ಲಂಟಾನದ ಘಾಟು, ಅಪ್ಪನ ಅಂಗಿಯ ಬೆವರು, ಎರಡೂ ಕಲೆತ ವಾಸನೆ ಮೂಗಿಗೆ ಬಡಿದು ನನಗೆ ಸ್ವರ್ಗ ಸಿಕ್ಕಂತಾಯಿತು. ಅಷ್ಟು ದಿನ ಕಟ್ಟಿಟ್ಟದ್ದೆಲ್ಲ ಹೊರಗೆ ಬಂತು ನೋಡಿ! ಶುಭಾ ಗೊರಕೆ ಹೊಡೆಯುವುದು, ಉಪ್ಪಿಟ್ಟಿನ ಮೆಣಸಿನಕಾಯಿ ಕಿಟಕಿಯಾಚೆ ಎಸೆಯುವುದು, ನಾನು ಕ್ಲಾಸಿಗೇ ಫಸ್ಟ್ ಬಂದದ್ದು, ಬಿಡುವೇ ಇಲ್ಲದೆ ಒದರಿದೆ. ಅಪ್ಪ ಮಚ್ಚು ಬೀಸುತ್ತಾ "ಹೂಂ" ಅಂದರು, "ಹೌದಾ" ಅಂದರು. "ಗಟ್ಟಿಯಾಗಿ ಒತ್ತಿಡ್ಕೊಳಮ್ಮ, ಪೊದೆ ವಾಪಸ್ ಬರುತ್ತೆ" ಅಂದರು. ಡಬ್ಬಿ ತೆರೆಯುವ ಹೊತ್ತಾದರೂ ಅಷ್ಟೇ. ಶುಭಾಳಿಗೆ ಹೇಳುತ್ತಿದ್ದಂಥದ್ದು ಒಂದೂ ನನಗೆ ಹೇಳಲಿಲ್ಲ. ನಾನು ಅವರಿಗೆ ಬಾಯಿ ತೆರೆಯಲು ಬಿಟ್ಟಿದ್ದರಲ್ಲವೇ?

ಮರುದಿನ ಶುಭಾ ಎದ್ದು ಕೂತಳು, ಕವೆಗೋಲು ಅವಳ ಕೈಗೆ ವಾಪಸಾಯಿತು. ಅವಳು ಊರಿಗೆ ಹೊರಡುವ ಹೊತ್ತಿಗೆ ದಾರಿ ಆಚೆ ಬೇಲಿಯನ್ನು ಮುಟ್ಟಿ ಕೆಲಸವೇ ಮುಗಿದಿತ್ತು. ಅಪ್ಪ ಮನೆಗೆ ಬಂದು ಮತ್ತೆ ಪೇಪರಿನ ಹಿಂದೆ ಮೌನವಾದರು.

ಈಗ ಅಲ್ಲಿ ಲಂಟಾನವೂ ಇಲ್ಲ, ಕಾಲುದಾರಿಯೂ ಇಲ್ಲ, ಸಾಲು ಮನೆಗಳು. ಅಪ್ಪ ಹೋಗಿ ವರ್ಷಗಳಾದವು. ಮೊನ್ನೆ ನನ್ನ ಮಗಳ ಮದುವೆಗೆ ಬಂದ ಶುಭಾ ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ಇಷ್ಟು ವರ್ಷ ನುಂಗಿಕೊಂಡಿದ್ದನ್ನು ಕೇಳಿಯೇಬಿಟ್ಟೆ.

"ಲಂಟಾನ ಕಡಿಯೋವಾಗ ಅಪ್ಪ ನಿನ್ ಹತ್ರ ಅಷ್ಟೊತ್ತು ಏನೇ ಮಾತಾಡ್ತಿದ್ರು?"

ಅವಳು ಕೈ ನಿಲ್ಲಿಸಿ ಯೋಚಿಸಿದಳು. "ಅಯ್ಯೋ, ಯಾರಿಗೆ ನೆನಪಿರುತ್ತೆ ಕಣೇ? ದೊಡ್ಡಪ್ಪ ಏನೋ ಹೇಳೋರು, ನಗು ಬರೋದು. ಅಷ್ಟೇ."

ನನಗೆ ಮೈಯೆಲ್ಲ ಉರಿದುಹೋಯಿತು. ಇಡೀ ಬೇಸಿಗೆ ಅಪ್ಪ ಅವಳಿಗೆ ಸಿಕ್ಕಿದ್ದರು. ಒಂದೇ ಒಂದು ಮಾತನ್ನಾದರೂ ಜೋಪಾನ ಮಾಡಿ ಇಟ್ಟುಕೊಳ್ಳಬಾರದಿತ್ತೇ ಇವಳು?